ಗೋಡೆಯಾಚೆಗೆ ಅಕ್ಕನ ದನಿ

“ಸರ್, ತರಬೇತಿ ನಡೆಯೋದು ಇದೇ ರೂಮಲ್ಲಾ?”

ಅವಳು ಕೇಳಿದ್ದು ಇಷ್ಟೇ. ಬಾಗಿಲಿಗೆ ಬೆನ್ನು ಹಾಕಿ ಬಿಳಿ ಹಲಗೆಯ ಮೇಲೆ ಏನೋ ಬರೆಯುತ್ತಿದ್ದ ಆತನ ಕೈಯಿಂದ ಪೆನ್ನು ಜಾರಿತು. ಅದು ಉರುಳಿಕೊಂಡು ಮೊದಲ ಸಾಲಿನ ಬೆಂಚಿನ ಕೆಳಗೆ ಹೋದರೂ ಆತ ಬಗ್ಗಲಿಲ್ಲ. ತಿರುಗಲೂ ಇಲ್ಲ!

ಕೇಳಿಸಲಿಲ್ಲವೇನೋ ಎಂದು ಅವಳು ಇನ್ನೊಮ್ಮೆ ಕೇಳಿದಳು.

ಆಗ ಆತ ಮೆಲ್ಲನೆ ತಿರುಗಿದ. ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳನ್ನು ನೋಡಿದ, ಕಣ್ಣು ಮುಚ್ಚಿದ, ತೆರೆದು ಮತ್ತೆ ನೋಡಿದ. ಯಾರೋ ಕಾಣುತ್ತಾರೆಂದು ಹೆದರಿದವನು, ಅವರು ಕಾಣಲಿಲ್ಲವೆಂದು ಇನ್ನೂ ಹೆಚ್ಚು ಹೆದರಿದ ಹಾಗಿತ್ತು.

“ನೀವು... ಅವರ ತಂಗಿನಾ?”

ಯಾರ ತಂಗಿ ಎಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಈ ವಿಶ್ವವಿದ್ಯಾಲಯದ ಮೌಲ್ಯಮಾಪನ ವಿಭಾಗಕ್ಕೆ ಸೇರಿದ ದಿನದಿಂದ ಅವಳಿಗೆ ಬೇರೆ ಗುರುತೇ ಇರಲಿಲ್ಲ. ಅಲ್ಲಿ ಬರೀ ‘ಮೇಡಂ’ ಎಂದರೆ ಅವಳ ಅಕ್ಕ. ಎರಡು ವರ್ಷದ ಹಿಂದೆ ಕಾಯಿಲೆ ಬಿದ್ದು, ನೋಡನೋಡುತ್ತಿದ್ದಂತೆ ಹೊರಟುಹೋದ ಅಕ್ಕ. ಇವಳು ‘ಚಿಕ್ಕ ಮೇಡಂ’. ಮೇಡಂ ಹೋದ ಮೇಲೆ ಬಂದ ಚಿಕ್ಕ ಮೇಡಂ.

ಅಕ್ಕ ಎತ್ತರದ ಹೆಂಗಸು, ಇವಳು ಗಿಡ್ಡ. ಅಕ್ಕ ನಡೆದರೆ ನಾಲ್ಕು ಕೋಣೆಯಾಚೆಗೆ ಗೊತ್ತಾಗುತ್ತಿತ್ತು. ಇವಳು ಪಕ್ಕದಲ್ಲಿ ಬಂದು ನಿಂತರೂ ಬೆಕ್ಕಿಗೂ ಗೊತ್ತಾಗದು. ಆದರೆ ದನಿ? ದನಿ ಮಾತ್ರ ಒಂದೇ ಅಚ್ಚು!

ಆ ದನಿಯೇ ಅವಳ ಪಾಲಿಗೆ ಶಾಪವಾಗಿತ್ತು.

ಅಕ್ಕ ಹೋದ ಹೊಸತರಲ್ಲಿ ಒಂದು ಸಂಜೆ ಅವಳು ಮೆಟ್ಟಿಲಿನಿಂದಲೇ “ಅಮ್ಮಾ, ಬಂದೆ” ಎಂದು ಕೂಗಿದ್ದಳು. ಅಮ್ಮ ಒಳಗಿನಿಂದ ಓಡಿ ಬಂದರು. ಓಡಿ! ಮಂಡಿನೋವಿನ ಹೆಂಗಸು ಹಾಗೆ ಓಡಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಬಾಗಿಲು ತೆರೆದಾಗ ಆ ಮುಖ ಬೆಳಗುತ್ತಿತ್ತು. ನಿಂತಿದ್ದವಳು ಇವಳೆಂದು ತಿಳಿದ ಮೇಲೆ ಅದು ಆರಿಹೋದದ್ದನ್ನೂ ಅವಳು ನೋಡಿದಳು.

ಅಂದಿನಿಂದ ಅವಳು ತನಗೆ ತಾನೇ ಒಂದು ನಿಯಮ ಹಾಕಿಕೊಂಡಳು. ಮೊದಲು ಮುಖ ತೋರಿಸಬೇಕು, ಆಮೇಲೆ ಮಾತು. ಬರಬರುತ್ತ ಆ ಮಾತೂ ಕಡಿಮೆಯಾಯಿತು. ಮನೆಯಲ್ಲಿ ಈಗ ಅವಳ ಬಾಯಿಂದ ‘ಹೂಂ’, ‘ಊಹೂಂ’ ಬಿಟ್ಟರೆ ಮೂರನೆಯದು ಬರುತ್ತಿರಲಿಲ್ಲ.

ಇಂಥವಳು ಬಂದು ಬಂದು ಸೇರಿದ್ದು ಅಕ್ಕನ ಆಫೀಸಿಗೇ. ಅಕ್ಕನ ಹೆಸರು ಹೇಳಿ ಕೆಲಸ ಗಿಟ್ಟಿಸಿಕೊಂಡಳು ಎಂದು ಜನ ಆಡಿಕೊಂಡರು. ಜನರ ಬಾಯಿಗೆ ಬೀಗ ಹಾಕಲಾದೀತೇ? ಕೆಲಸಕ್ಕೆ ಆರಿಸುವ ಪರೀಕ್ಷೆ ಬರೆಯುವಾಗ ಅವಳಿಗಿದ್ದದ್ದು ಒಂದು ನಂಬರ್ ಮಾತ್ರ, ಹೆಸರು ಎಲ್ಲೂ ಇರಲಿಲ್ಲ, ಉತ್ತರ ತಿದ್ದಿದವರು ಹೊರಗಿನವರು. ಇಡೀ ಕಟ್ಟಡದಲ್ಲಿ ತನ್ನದು ಎಂದು ಹೇಳಿಕೊಳ್ಳಲು ಅವಳಿಗಿದ್ದದ್ದು ಆ ಒಂದು ಪರೀಕ್ಷೆ. ಉಳಿದದ್ದೆಲ್ಲ ಅಕ್ಕನದು.

ಇನ್ನು ಆ ತರಬೇತಿಯ ವಿಷಯ.

ಶನಿವಾರ ಶನಿವಾರ ನಡೆಯುವ ತರಬೇತಿ ಅದು. ಉತ್ತರ ಪತ್ರಿಕೆ ತಿದ್ದುವವರಿಗೆ ತಿದ್ದುವುದನ್ನು ಕಲಿಸುವ ಪಾಠ. ಒಂದೇ ಉತ್ತರದ ಪ್ರತಿಯನ್ನು ಎಲ್ಲರಿಗೂ ಹಂಚುವುದು, ಒಬ್ಬರದು ಒಬ್ಬರು ನೋಡದೆ ಅಂಕ ಹಾಕುವುದು, ಆಮೇಲೆ ಹಲಗೆಯ ಮೇಲೆ ಎಲ್ಲವನ್ನೂ ಬರೆದು ನೋಡುವುದು. ಒಬ್ಬರು ಹತ್ತಕ್ಕೆ ಮೂರು ಕೊಟ್ಟ ಉತ್ತರಕ್ಕೆ ಪಕ್ಕದವರು ಎಂಟು ಕೊಟ್ಟಿರುತ್ತಿದ್ದರು! ಮೂವತ್ತು ವರ್ಷದಿಂದ ಯಾರಿಗೂ ಪೂರ್ತಿ ಅಂಕ ಕೊಟ್ಟಿಲ್ಲ ಎಂದು ಹೆಮ್ಮೆಪಡುವ ಒಬ್ಬ ಹಿರಿಯ ಮೇಡಂ ಇದ್ದರು. ಎಷ್ಟೇ ಚೆನ್ನಾಗಿ ಬರೆದರೂ ಅರ್ಧ ಅಂಕ ಕಿತ್ತುಕೊಳ್ಳದಿದ್ದರೆ ಅವರಿಗೆ ತಿಂದ ಅನ್ನ ಅರಗುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಅವರನ್ನು ಹಿಂದಿನಿಂದ ‘ಅರ್ಧ ಅಂಕದ ಮೇಡಂ’ ಎನ್ನುತ್ತಿದ್ದರು.

ಪಾಠದಲ್ಲಿ ಇನ್ನೊಂದು ಭಾಗವಿತ್ತು. ಫೇಲಾದ ವಿದ್ಯಾರ್ಥಿಗೆ ಬರೀ ಅಂಕ ಕಳಿಸಿ ಕೈತೊಳೆದುಕೊಳ್ಳದೆ, ಎಲ್ಲಿ ತಪ್ಪಿತು, ಮುಂದೇನು ಮಾಡಬೇಕು ಎಂದು ಬಾಯಿಮಾತಿನಲ್ಲಿ ಹೇಳಿ ರೆಕಾರ್ಡ್ ಮಾಡಿ ಕಳಿಸುವ ಪದ್ಧತಿ. ಅದನ್ನು ಶುರು ಮಾಡಿದ್ದೇ ಅಕ್ಕ. ಅಕ್ಕನ ಹಳೆಯ ರೆಕಾರ್ಡಿಂಗುಗಳನ್ನು ಹಾಕಿ ತೋರಿಸಿಯೇ ಹೊಸಬರಿಗೆ ಕಲಿಸಬೇಕು.

ಮೊದಲ ದಿನ ಚಹಾದ ಹೊತ್ತಿಗೆ ಆ ತರಬೇತುದಾರ ಅವಳ ಹತ್ತಿರ ಬಂದ. ಇನ್ನು ಸ್ವಲ್ಪ ಹೊತ್ತಿಗೆ ಅಕ್ಕನ ದನಿ ಹಾಕಬೇಕಾಗುತ್ತದೆ ಎಂದು ಸಂಕೋಚದಿಂದ ಹೇಳಿದ. ಅವಳು ಲೋಟ ಕೆಳಗಿಟ್ಟಳು.

“ನನ್ನ ಕೈಲಿ ಕೇಳೋಕಾಗಲ್ಲ ಸರ್.”

ಆತ ತಲೆಯಾಡಿಸಿದ. “ಹಾಕೋ ಮುಂಚೆ ನಿಮ್ಮ ಕಡೆ ನೋಡ್ತೀನಿ. ಏನಾದ್ರೂ ಕೆಲಸ ಹೇಳಿ ಆಚೆ ಕಳಿಸ್ತೀನಿ. ಯಾಕೆ ಅಂತ ಯಾರೂ ಕೇಳಲ್ಲ.”

ಹೇಳಿದ ಹಾಗೇ ಮಾಡಿದ. ಒಂದು ಸಲ ಬಿಳಿ ಹಾಳೆ ತರಲು ಕಳಿಸಿದ, ಒಂದು ಸಲ ಮೇಲಿನ ಮಹಡಿಯಿಂದ ಉತ್ತರ ಪತ್ರಿಕೆಗಳ ಕಟ್ಟು ತರಲು, ಇನ್ನೊಂದು ಸಲ ಇಲ್ಲದ ಸ್ಟೇಪ್ಲರ್ ಹುಡುಕಲು! ಪಾಪ, ಚಿಕ್ಕ ಮೇಡಮ್ಮನ್ನು ಈ ಮನುಷ್ಯ ಜವಾನನ ಹಾಗೆ ಓಡಾಡಿಸುತ್ತಾನೆ ಎಂದು ಅರ್ಧ ಅಂಕದ ಮೇಡಂ ಎಲ್ಲರೆದುರಿಗೇ ಆತನನ್ನು ತರಾಟೆಗೆ ತೆಗೆದುಕೊಂಡರು. ಆತ ಬೈಸಿಕೊಂಡು ಸುಮ್ಮನಿದ್ದ.

ಅವಳಿಗೆ ಆತನ ಮೇಲೆ ಮನಸ್ಸಾದದ್ದು ಅಲ್ಲೇ ಇರಬೇಕು. ಆ ಬೈಗುಳದಲ್ಲಿ!

ಹೊರಗೆ ಹೋದವಳು ಏನನ್ನೂ ತರುತ್ತಿರಲಿಲ್ಲ. ಮೊಗಸಾಲೆಯಲ್ಲಿ ಕಬ್ಬಿಣದ ಬೀರುಗಳ ಸಾಲು, ಅವುಗಳ ಮೇಲೆ ದಾರ ಕಟ್ಟಿದ ಉತ್ತರ ಪತ್ರಿಕೆಗಳ ಕಟ್ಟು, ಪಕ್ಕದಲ್ಲಿ ಒಂದು ಬೆಂಚು. ಆ ಬೆಂಚಿನ ಮೇಲೆ ಗೋಡೆಗೆ ತಲೆಯಾನಿಸಿ ಕೂರುತ್ತಿದ್ದಳು. ಗೋಡೆಯಾಚೆಯಿಂದ ಅಕ್ಕನ ದನಿ ಬರುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ, ಏರಿಳಿತ ಮಾತ್ರ. ಪಕ್ಕದ ಕೋಣೆಯಲ್ಲಿ ಅಕ್ಕ ಯಾರನ್ನೋ ಗದರುತ್ತಿದ್ದಾಳೆ, ಈಗ ಮುಗಿಸಿ ಹೊರಗೆ ಬರುತ್ತಾಳೆ, ‘ಇಲ್ಯಾಕೆ ಕೂತಿದೀಯೇ’ ಎಂದು ತಲೆಗೆ ಮೊಟಕುತ್ತಾಳೆ... ಬಾಗಿಲು ತೆರೆದಾಗ ಬರುತ್ತಿದ್ದವನು ಆತ.

“ಆಯ್ತು. ಬನ್ನಿ,” ಎನ್ನುತ್ತಿದ್ದ.

ಅಷ್ಟು ಕೇಳಲು ಅವಳು ವಾರವಿಡೀ ಕಾಯತೊಡಗಿದಳು.

ಇಬ್ಬರಿಗೂ ಮಾತು ಬೆಳೆಯಿತು. ಅಂಕದ ಮೇಲೆ ಜಗಳ ಬೆಳೆಯಿತು. ಮನೆಯಲ್ಲಿ ತುಟಿ ಬಿಚ್ಚದವಳು ಆತನೊಡನೆ ಒಂದು ಅಂಕಕ್ಕಾಗಿ ಚಹಾ ಆರುವ ತನಕ ವಾದಿಸುತ್ತಿದ್ದಳು. ಒಂದು ದಿನ ನಕ್ಕೂಬಿಟ್ಟಳು, ಜೋರಾಗಿ. ನಕ್ಕು ಮುಗಿಸಿ ನೋಡಿದರೆ ಆತ ಕಣ್ಣು ಮುಚ್ಚಿ ಕೇಳುತ್ತಿದ್ದ.

 ಕಣ್ಣು ಮುಚ್ಚಿದರೆ ಈತನಿಗೆ ಕಾಣುವುದು ನಾನೋ... ಅಕ್ಕನೋ?

ಉತ್ತರ ಆತನಿಂದಲೇ ಬಂತು. ತಾನು ಮೊದಲು ಇಲ್ಲೇ ಅಕ್ಕನ ಜೊತೆ ಕೆಲಸ ಮಾಡಿದವನು, ಜಗಳವಾಡಿಕೊಂಡು ಬೇರೆ ಊರಿನ ವಿಶ್ವವಿದ್ಯಾಲಯಕ್ಕೆ ಹೋದವನು, ಅಕ್ಕ ಹೋದ ಮೇಲೆ ಈ ತರಬೇತಿ ನಡೆಸಿಕೊಡಲು ಕೆಲವು ತಿಂಗಳ ಮಟ್ಟಿಗೆ ಕರೆಸಿದ್ದಾರೆ ಎಂದು ಹೇಳಿದ. ಬರುವ ಮನಸ್ಸಿರಲಿಲ್ಲವಂತೆ. ಪಾಠಕ್ಕೆಂದು ಅಕ್ಕನ ಹಳೆಯ ಕಂಪ್ಯೂಟರಿನಲ್ಲಿದ್ದ ರೆಕಾರ್ಡಿಂಗುಗಳನ್ನೆಲ್ಲ ಆತನಿಗೆ ಕಳಿಸಿದರಂತೆ. ಅದರಲ್ಲಿ ಒಂದನ್ನು ಕೇಳಿ ಒಪ್ಪಿಕೊಂಡನಂತೆ.

“ಅದು ಅವರು ಕೊನೆಗೆ ಮಾಡಿದ್ದಿರಬೇಕು. ಅದನ್ನ ಕೊನೇ ದಿನಕ್ಕೆ ಇಟ್ಟಿದೀನಿ,” ಎಂದ. ಆಮೇಲೆ ಕಿಟಕಿಯ ಕಡೆ ತಿರುಗಿ ಹೇಳಿದ: “ದಿನಾ ಕೇಳ್ತೀನಿ. ಕೇಳದೆ ಇರೋಕೆ ಆಗಲ್ಲ.”

ಓಹೋ... ಎಂದುಕೊಂಡಳು ಅವಳು. ಹಾಗೋ ವಿಷಯ!

ಬದುಕಿರುವ ಸವತಿಯಾದರೆ ಜಡೆ ಹಿಡಿದು ಜಗಳವಾಡಬಹುದು. ಸತ್ತವಳ ಜೊತೆ, ಅದೂ ಎತ್ತಿ ಆಡಿಸಿದ ಅಕ್ಕನ ಜೊತೆ, ಏನೆಂದು ಜಗಳವಾಡುವುದು? ಅಕ್ಕನ ಮೇಲೆ ಹೊಟ್ಟೆಕಿಚ್ಚುಪಟ್ಟೆನಲ್ಲ ಎಂದು ಅವಳು ಆ ದಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಗಿತ್ತು ಅವಳ ಪ್ರೀತಿ. ನುಂಗುವಂತಿಲ್ಲ, ಉಗುಳುವಂತಿಲ್ಲ.

ಅಷ್ಟರಲ್ಲಿ ಆತ ಇನ್ನೊಂದು ಒಳ್ಳೆಯ ಕೆಲಸ ಮಾಡಿದ. ಮನೆಯಲ್ಲಿ ಅಕ್ಕನ ದನಿಯ ಒಂದು ಚೂರೂ ಉಳಿದಿಲ್ಲವೆಂದು ಮಾತಿನ ಮಧ್ಯೆ ಅವಳಿಂದ ತಿಳಿದವನು, ಒಂದು ಭಾನುವಾರ ಬೆಳಗ್ಗೆ ಮನೆಗೇ ಬಂದ. ಆ ಕೊನೆಯ ರೆಕಾರ್ಡಿಂಗನ್ನು ಅಮ್ಮನ ಫೋನಿಗೆ ಹಾಕಿಕೊಡಲು.

“ನಿಮ್ಮ ದೊಡ್ಡ ಮಗಳದ್ದು,” ಎಂದು ಆತ ಹೇಳುತ್ತಿದ್ದಂತೆ ಅವಳು ಎದ್ದು ತಾರಸಿಗೆ ಹೋಗಿಬಿಟ್ಟಳು. ಒಣಹಾಕಿದ ಸೀರೆಯ ಮರೆಯಲ್ಲಿ ಕಿವಿ ಮುಚ್ಚಿಕೊಂಡು ನಿಂತಳು. ಕೆಳಗೆ ಬಂದಾಗ ಆತ ಹೊರಟು ನಿಂತಿದ್ದ. ಅಮ್ಮ ಆತನನ್ನೇ ಒಂದು ಥರ ನೋಡುತ್ತ ಕೂತಿದ್ದರು. ಕಣ್ಣು ಒದ್ದೆಯಾಗಿತ್ತು, ತುಟಿಯ ಮೇಲೆ ಮಾತ್ರ ಏನೋ ಅಡಗಿತ್ತು.

ಮರುದಿನದಿಂದ ಶುರುವಾಯಿತು. ಪ್ರತಿ ಬೆಳಗ್ಗೆ ಸ್ನಾನ ಮುಗಿಸಿ ಅಮ್ಮ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗಿನಿಂದ ಆ ದನಿ. ಇಲ್ಲಿಯೂ ಮಾತಿಲ್ಲ, ಏರಿಳಿತ ಮಾತ್ರ. ಆಫೀಸಿನಲ್ಲಿ ಗೋಡೆಯಾಚೆಗೆ ಅಕ್ಕ. ಮನೆಯಲ್ಲಿ ಗೋಡೆಯಾಚೆಗೆ ಅಕ್ಕ. ಎರಡು ಗೋಡೆಗಳ ಈಚೆಗೆ, ಬದುಕಿದ್ದೂ ಸದ್ದಿಲ್ಲದ ಇವಳು. ಸತ್ತವಳು ದಿನಾ ಮಾತಾಡುತ್ತಿದ್ದಳು, ಇದ್ದವಳು ಮೂಕಿಯಾಗಿದ್ದಳು.

‘ಈ ಮನೆಯ ದೆವ್ವ ಅಕ್ಕ ಅಲ್ಲ, ನಾನೇ’ ಎಂದು ಒಂದು ಬೆಳಗ್ಗೆ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತ ಅವಳಿಗೆ ಅನ್ನಿಸಿತು.

ಕೊನೆಯ ಶನಿವಾರ ಬಂತು.

ಆತ ಎಂದಿನಂತೆ ಅವಳ ಕಡೆ ನೋಡಿದ. ಅವಳು ಏಳಲಿಲ್ಲ. ರಾತ್ರಿಯೆಲ್ಲ ಯೋಚಿಸಿ ಗಟ್ಟಿ ಮಾಡಿಕೊಂಡು ಬಂದಿದ್ದಳು. ಆತನನ್ನು ಹಿಡಿದಿಟ್ಟಿರುವ ಆ ದನಿ ಏನು ಹೇಳುತ್ತದೆಂದು ಒಂದು ಸಲ ಕೇಳಬೇಕು, ಕೇಳಿ ಆಸೆ ಬಿಡಬೇಕು. ಇಲ್ಲ, ಇಲ್ಲೇ ಇರುತ್ತೇನೆ ಎಂದು ಕಣ್ಣಲ್ಲೇ ಹೇಳಿದಳು. ಆತ ಒಂದು ಕ್ಷಣ ತಡೆದು ರೆಕಾರ್ಡಿಂಗ್ ಹಾಕಿದ.

“ನಿನ್ನ ಹೆಸರು ನನಗೆ ಗೊತ್ತಿಲ್ಲ, ನಂಬರ್ ಮಾತ್ರ ಗೊತ್ತು. ನೀನು ಫೇಲಾಗಿದೀಯ. ಅದನ್ನ ಸುತ್ತಿ ಬಳಸಿ ಹೇಳಿ ಏನೂ ಪ್ರಯೋಜನ ಇಲ್ಲ. ಆದ್ರೆ... ನಾಲ್ಕನೇ ಪ್ರಶ್ನೆಗೆ ನೀನು ಪೂರ್ತಿ ಉತ್ತರ ಬರೆದು, ಆಮೇಲೆ ಅದರ ಮೇಲೆ ಕಾಟು ಹಾಕಿದೀಯ. ಆ ಗೆರೆ ಕೆಳಗಿರೋದನ್ನೆಲ್ಲ ನಾನು ಓದ್ದೆ. ಸರಿ ಇತ್ತಪ್ಪಾ. ಎಲ್ಲಾ ಸರಿ ಇತ್ತು. ಕಾಟು ಹಾಕಿದ್ದಕ್ಕೆ ಅಂಕ ಕೊಡೋ ಹಾಗಿಲ್ಲ, ಅದು ನಿಯಮ. ಹೇಗಾದ್ರೂ ಕೊಡಬಹುದಾ ಅಂತ ತುಂಬಾ ನೋಡ್ದೆ, ನನ್ನ ಕೈಲಿ ಆಗ್ಲಿಲ್ಲ. ಮುಂದಿನ ಸಲ ಅನುಮಾನ ಬಂದ್ರೆ ಹಾಗೇ ಬಿಡು. ತಪ್ಪಿದ್ರೆ ಕಾಟು ಹಾಕೋಕೆ ನಾವಿದೀವಿ. ನಿನ್ನನ್ನ ನೀನೇ ಹೊಡೆದುಹಾಕ್ಕೋಬೇಡ.”

 ಅರ್ಧ ಅಂಕದ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಇದಕ್ಕೆ ನಾನು ಪೂರ್ತಿ ಅಂಕ ಕೊಡ್ತೀನಿ. ಅಂಥ ಹೆಂಗಸು ಇನ್ನು ಹುಟ್ಟಿ ಬರಲ್ಲ ಬಿಡಿ,” ಎಂದರು.

ಅವಳು ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಅದು ಅಕ್ಕನ ದನಿಯಲ್ಲ!

ಅದು ಅವಳದ್ದೇ. ಅವಳೇ ಆಡಿದ ಮಾತು. ಕೆಲಸಕ್ಕೆ ಆರಿಸುವ ಪರೀಕ್ಷೆಯ ದಿನ ಒಂದು ಉತ್ತರ ಪತ್ರಿಕೆ ಕೊಟ್ಟು, ಈ ವಿದ್ಯಾರ್ಥಿಗೆ ಏನು ಹೇಳುತ್ತೀರೋ ರೆಕಾರ್ಡ್ ಮಾಡಿ ಎಂದಿದ್ದರು. ಅಂದು ಅವಳಿಗೆ ಕೆಟ್ಟ ನೆಗಡಿ, ದನಿ ಇನ್ನಷ್ಟು ಭಾರವಾಗಿತ್ತು. ಕೂರಿಸಿದ್ದು ಅಕ್ಕನ ಹಳೆಯ ಕಂಪ್ಯೂಟರಿನ ಮುಂದೆ. ಹೆಸರು ಹಾಕುವಂತಿರಲಿಲ್ಲ, ಬರೀ ನಂಬರ್. ಆ ನಂಬರಿನ ರೆಕಾರ್ಡಿಂಗು ಅಲ್ಲೇ ಉಳಿದು, ಅಕ್ಕನವುಗಳ ಜೊತೆ ಸೇರಿ, ಈ ಮನುಷ್ಯನ ಕೈಗೆ ಹೋಗಿದೆ. ದನಿ ಕೇಳಿದವನು ಯಾರದೆಂದು ವಿಚಾರಿಸುವ ಗೋಜಿಗೇ ಹೋಗಿಲ್ಲ. ಯಾಕೆ ಹೋಗಬೇಕು? ಆ ದನಿ ಇದ್ದದ್ದು ಒಬ್ಬರಿಗೇ ಎಂದುಕೊಂಡಿದ್ದ.

ಇಡೀ ಕಟ್ಟಡದಲ್ಲಿ ತನ್ನದು ಎಂದಿದ್ದ ಒಂದೇ ಒಂದೂ ಅಕ್ಕನ ಪಾಲಾಗಿತ್ತು.

ಎಲ್ಲರೂ ಹೋದ ಮೇಲೆ ಆತ ಅವಳೆದುರು ಬಂದು ಕೂತ. ಅವಳು ಅಳುತ್ತಿರುವುದು ಅಕ್ಕನ ನೆನಪಿಗೆ ಎಂದುಕೊಂಡ. ಆಮೇಲೆ ನಾಳಿದ್ದು ಸೋಮವಾರ ತಾನು ಹೊರಡುತ್ತಿರುವುದಾಗಿ ಹೇಳಿದ. ಇನ್ನೂ ಒಂದು ವರ್ಷ ಇಲ್ಲೇ ಇರಿ ಎಂದು ಕೇಳಿಕೊಂಡಿದ್ದಾರೆ, ಬೇಡವೆಂದೆ ಎಂದ.

ಅವಳು ತಲೆಯೆತ್ತಿ ಆತನನ್ನು ನೋಡಿದಳು.

“ನಿಮಗೆ ಸುಳ್ಳು ಹೇಳೋಕೆ ಇಷ್ಟ ಇಲ್ಲ,” ಎಂದ ಆತ. “ಈಗ ಕೇಳಿದ್ರಲ್ಲ, ಆ ದನೀಲಿ ಮಾತಾಡ್ದೋರನ್ನ ನಾನು ಬಿಡೋಕೆ ಆಗ್ತಿಲ್ಲ. ಹೀಗಿರೋನು ನಿಮ್ಮೆದುರಿಗೆ ಓಡಾಡ್ಕೊಂಡಿದ್ರೆ ನಿಮಗೆ ಅನ್ಯಾಯ ಆಗುತ್ತೆ. ಇನ್ನೂ ಆಗೋ ಮುಂಚೆ ಹೋಗ್ತೀನಿ.”

ಹೇಳಿಬಿಡು, ಹೇಳಿಬಿಡು ಎಂದು ಅವಳ ಎದೆ ಬಡಿದುಕೊಂಡಿತು. ಅದು ನಾನು ಕಣ್ರೀ, ನಾನೇ! ಎರಡು ಮಾತು ಸಾಕಿತ್ತು.

ಆಗ ಅಮ್ಮನ ಮುಚ್ಚಿದ ಬಾಗಿಲು ನೆನಪಾಯಿತು.

ದಿನಾ ಬೆಳಗ್ಗೆ ಸ್ನಾನ ಮುಗಿಸಿ, ದೇವರಿಗೆ ಕೂತಷ್ಟು ಶ್ರದ್ಧೆಯಿಂದ ಅಮ್ಮ ಕೇಳುವ ದನಿ ಅದು. ಸತ್ತ ಮಗಳು ಉಳಿಸಿಹೋದ ಕೊನೆಯ ಮಾತು ಎಂದು ನಂಬಿರುವ ದನಿ. ಅದು ಅಕ್ಕನದ್ದಲ್ಲ ಎಂದರೆ? ಇನ್ನೊಂದು ಸಲ ಆ ಮುಖ ಆರಬೇಕೇ? ಇನ್ನೊಂದು ಸಲ ಅಕ್ಕನನ್ನು ಕಳಿಸಿಕೊಡಬೇಕೇ ಆ ತಾಯಿ, ಚಿಕ್ಕ ಮಗಳ ಪ್ರೀತಿಗೋಸ್ಕರ?

ಅವಳು ಎದ್ದಳು. ಬ್ಯಾಗು ಹೆಗಲಿಗೆ ಹಾಕಿಕೊಂಡಳು. ಒಂದು ಮಾತೂ ಆಡದೆ ಹೊರಟುಹೋದಳು.

ಭಾನುವಾರ ಬೆಳಗ್ಗೆ ಮತ್ತೆ ಅದೇ. ಬಾಗಿಲು ಮುಚ್ಚಿತು, ದನಿ ಶುರುವಾಯಿತು. ಅವಳು ಹೊರಗೆ ಗೋಡೆಗೊರಗಿ ನಿಂತಳು. ಈಗ ಏರಿಳಿತದಲ್ಲೇ ಮಾತೆಲ್ಲ ತಿಳಿಯುತ್ತಿತ್ತು. ‘ಸರಿ ಇತ್ತಪ್ಪಾ...’ ‘ನನ್ನ ಕೈಲಿ ಆಗ್ಲಿಲ್ಲ...’ ತನ್ನ ದನಿಯನ್ನೇ ಗೋಡೆಯಾಚೆಗೆ ಕೇಳಿ ಅವಳ ಮೈ ಜುಮ್ಮೆಂದಿತು. ಇಷ್ಟು ದಿನ ಅಕ್ಕ ಎಂದು ತಾನು ಹೆದರಿದ್ದು, ಹೊಟ್ಟೆಕಿಚ್ಚುಪಟ್ಟದ್ದು, ಅತ್ತದ್ದು... ಎಲ್ಲ ಇದಕ್ಕೇ!

ಮುಗಿದ ಮೇಲೆ ಒಳಗೆ ಅಮ್ಮ ಮೂಗು ಸೀಟಿದ ಸದ್ದು. ಮತ್ತೆ ಮೊದಲಿನಿಂದ ಶುರು.

ಅವಳಿಗೆ ತಡೆಯಲಾಗಲಿಲ್ಲ. ಬಾಗಿಲು ತಳ್ಳಿದಳು. ಅಮ್ಮ ಮಂಚದ ಮೇಲೆ, ಫೋನನ್ನು ಎರಡೂ ಅಂಗೈಯಲ್ಲಿಟ್ಟುಕೊಂಡು ಕೂತಿದ್ದರು. ಅವಳು ಕಾಲ ಬಳಿ ಕುಸಿದು, ಅಮ್ಮನ ಮಡಿಲಿಗೆ ತಲೆಯಿಟ್ಟಳು. ಏನೂ ಹೇಳಬಾರದು ಎಂದುಕೊಂಡೇ ಬಂದಿದ್ದಳು. ತಲೆಯ ಮೇಲೆ ಕೈ ಬಿದ್ದ ಕೂಡಲೇ ಕಟ್ಟೆಯೊಡೆಯಿತು.

“ಅಮ್ಮಾ, ಅದು... ಅದು ಅಕ್ಕ ಅಲ್ಲಮ್ಮ.”

ಕೈ ಒಂದು ಕ್ಷಣವೂ ನಿಲ್ಲಲಿಲ್ಲ. ಕೂದಲು ಸವರುತ್ತಲೇ ಇತ್ತು.

“ಗೊತ್ತು,” ಎಂದರು ಅಮ್ಮ.

ಅವಳು ತಲೆಯೆತ್ತಿದಳು.

“ಹೆತ್ತೋಳಿಗೆ ಗೊತ್ತಾಗಲ್ವೇನೆ? ಆ ಮೇಷ್ಟ್ರು ಹಾಕಿದ ತಕ್ಷಣವೇ ಗೊತ್ತಾಯ್ತು. ದೊಡ್ಡೋಳು ಯಾವತ್ತಾದ್ರೂ ಯಾರ ಹತ್ರನಾದ್ರೂ ‘ನನ್ನ ಕೈಲಿ ಆಗ್ಲಿಲ್ಲ’ ಅಂದಿದ್ದುಂಟಾ? ಪ್ರಾಣ ಹೋಗೋವಾಗ್ಲೂ ಅನ್ಲಿಲ್ಲ ಅವಳು.” ಅಮ್ಮನ ದನಿ ಸ್ವಲ್ಪ ಒಡೆದು ಮತ್ತೆ ಕೂಡಿಕೊಂಡಿತು. “ಮೇಲಿಂದ ನೆಗಡಿ ಬೇರೆ. ನೆಗಡಿಯಾದ್ರೆ ನೀನು ಮಾತಿನ ಮಧ್ಯೆ ಉಸಿರು ಎಳ್ಕೋತೀಯ. ಚಿಕ್ಕ ಮಗು ಇದ್ದಾಗಿಂದ್ಲೂ.”

“ಮತ್ತೆ ಯಾಕಮ್ಮ... ದಿನಾ ಬಾಗಿಲು ಹಾಕ್ಕೊಂಡು...”

ಅಮ್ಮ ಅವಳ ಗಲ್ಲ ಹಿಡಿದು ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡರು.

“ನೀನು ಮನೇಲಿ ಮಾತಾಡೋದನ್ನೇ ಬಿಟ್ಟಿದೀಯಲ್ಲ ಪುಟ್ಟಿ. ನಿನ್ನ ದನಿ ನಾನು ಇನ್ನೆಲ್ಲಿ ಕೇಳ್ಲಿ?”



ಅಮ್ಮ ಹೇಳುತ್ತ ಹೋದರು. ಅಂದು ಬಾಗಿಲಲ್ಲಿ ತಾನು ಮೋಸಹೋದದ್ದು ನಿಜ, ಆದರೆ ಒಂದೇ ಕ್ಷಣ. ಅಷ್ಟಕ್ಕೆ ಮಗಳು ಎರಡು ವರ್ಷ ಬಾಯಿ ಮುಚ್ಚಿಕೊಳ್ಳುವುದೇ? ಮಾತಾಡು ಎಂದು ಹೇಳೋಣವೆಂದರೆ, ದುಃಖದಲ್ಲಿದ್ದಾಳೆ, ತಾನಾಗಿ ಸರಿಹೋಗಲಿ ಎಂದು ಕಾದರಂತೆ. ಕಾದದ್ದೇ ತಪ್ಪಾಯಿತು ಎಂದರು. ಹೋದವಳನ್ನು ಅತ್ತು ಕರೆದು ಕಳಿಸಿಕೊಟ್ಟದ್ದಾಯಿತು, ಇದ್ದವಳು ಕಣ್ಣೆದುರಿಗೇ ಇಲ್ಲದವಳ ಹಾಗೆ ಓಡಾಡುತ್ತಿದ್ದರೆ ಯಾರ ಹತ್ತಿರ ಹೇಳಿಕೊಳ್ಳಲಿ ಎಂದು ಕೇಳಿದರು.

ತಾಯಿ ಮಗಳು ಇಬ್ಬರೂ ಅತ್ತರು. ಅಕ್ಕ ಹೋದ ಮೇಲೆ ಇಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು.

“ಮೇಷ್ಟ್ರಿಗೆ ಯಾಕೆ ಹೇಳ್ಲಿಲ್ಲ?” ಎಂದು ಅವಳು ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

“ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಅವರ ಮುಖ ನೋಡ್ದೆ. ಕೇಳ್ತಾ ಕೇಳ್ತಾ ಹೇಗೆ ಕರಗಿ ಕೂತಿದ್ರು ಗೊತ್ತಾ? ಅಯ್ಯೋ, ಇದು ನಾನು ಹೇಳೋ ಮಾತಲ್ಲ, ನೀನೇ ಹೇಳ್ಬೇಕಾದ್ದು ಅನ್ನಿಸ್ತು.” ಅಮ್ಮ ಸೆರಗಿನಿಂದ ಅವಳ ಮೂಗು ಒರೆಸಿದರು, ಚಿಕ್ಕ ಮಗುವಿಗೆ ಒರೆಸಿದ ಹಾಗೆ. “ಹೋಗಿ ಹೇಳು.”

ಸೋಮವಾರ ಬೆಳಗ್ಗೆ ಅವಳು ಹೋದಾಗ ಆತ ತರಬೇತಿಯ ಕೋಣೆಯಲ್ಲಿ ಸ್ಪೀಕರಿನ ವೈರು ಸುತ್ತುತ್ತಿದ್ದ. ಬೆಂಚುಗಳನ್ನೆಲ್ಲ ಗೋಡೆಗೆ ಸರಿಸಿದ್ದರು. ಹಲಗೆ ಒರೆಸಿಯಾಗಿತ್ತು. ಬಾಗಿಲ ಬಳಿ ಆತನ ಚೀಲ ಕೂತಿತ್ತು.

ಅವಳು ಪೀಠಿಕೆ ಹಾಕಲಿಲ್ಲ. ಹಾಕಿದರೆ ಧೈರ್ಯ ಹೋಗುತ್ತದೆಂದು ಗೊತ್ತಿತ್ತು.

“ಸರ್, ಆ ಕೊನೇ ರೆಕಾರ್ಡಿಂಗ್ ಅಕ್ಕನದ್ದಲ್ಲ. ನನ್ನದು.”

ಆತನ ಕೈಯಲ್ಲಿ ವೈರು ಹಾಗೇ ನಿಂತಿತು. ಅವಳು ಎಲ್ಲವನ್ನೂ ಹೇಳಿದಳು. ಪರೀಕ್ಷೆ, ನೆಗಡಿ, ಅಕ್ಕನ ಕಂಪ್ಯೂಟರು, ನಂಬರು. ಬೇಕಾದರೆ ವಿಭಾಗದಲ್ಲಿ ಪರೀಕ್ಷೆಯ ನಂಬರನ್ನು ಹೋಲಿಸಿ ನೋಡಬಹುದು ಎಂದಳು. ಆತ ಬೆಂಚಿನ ಮೇಲೆ ಕೂತ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿತ್ತು.

 ಅಯ್ಯೋ... ಈತನ ಕೈಯಿಂದಲೂ ಅಕ್ಕನನ್ನು ಕಿತ್ತುಕೊಂಡೆನೇ?

“ನಿಮಗೆ ತುಂಬಾ ನೋವಾಯ್ತಾ?”

ಆತ ಕೈ ತೆಗೆದ. ಅಳುತ್ತಿದ್ದನೋ ನಗುತ್ತಿದ್ದನೋ, ಅದು ಆತನಿಗೇ ತಿಳಿದಿರಲಾರದು.

“ನಿಮ್ಮಕ್ಕ ಇದ್ದಾಗ ನಾವಿಬ್ರೂ ಮಾಡಿದ್ದು ಬರೀ ಜಗಳ,” ಎಂದ. “ಗೌರವ ಇತ್ತು, ತುಂಬಾ ಇತ್ತು. ಅದಕ್ಕಿಂತ ಹೆಚ್ಚಿಂದು ಏನೂ ಇರಲಿಲ್ಲ. ಅವರು ಹೋದ ಮೇಲೆ ಇದನ್ನ ಕೇಳ್ದೆ. ಕೇಳ್ತಾ ಕೇಳ್ತಾ... ಇದೆಂಥ ಹುಚ್ಚು ಅಂತ ನನಗೇ ಹೆದರಿಕೆ ಆಯ್ತು. ಬದುಕಿದ್ದಾಗ ಕಣ್ಣಿಗೆ ಬೀಳದೋರನ್ನ ಸತ್ತ ಮೇಲೆ ಪ್ರೀತಿಸ್ತಿದೀನಲ್ಲ ಅಂತ. ಆಮೇಲೆ ನೀವು ಬಂದ್ರಿ.”

ಅವಳು ಒಂದು ಹೆಜ್ಜೆ ಹತ್ತಿರ ಬಂದಳು.

“ನಿಮ್ಮ ಜೊತೆ ಇದ್ದಾಗ ಅವರಿಗೆ ಮೋಸ ಮಾಡ್ತಿದೀನಿ ಅನ್ನಿಸೋದು. ಮನೆಗೆ ಹೋಗಿ ಅದನ್ನ ಕೇಳಿದ್ರೆ ನಿಮಗೆ ಮೋಸ ಮಾಡ್ತಿದೀನಿ ಅನ್ನಿಸೋದು. ಇಬ್ಬರ ಮಧ್ಯೆ ಸಿಕ್ಕಿ ಒದ್ದಾಡ್ತಿದೀನಿ ಅಂದ್ಕೊಂಡಿದ್ದೆ.” ಆತ ತಲೆ ಅಲ್ಲಾಡಿಸಿದ. “ಇಬ್ಬರು ಇರಲೇ ಇಲ್ಲ.”

ಹೆಸರು ನೋಡದೆ ಅಳೆಯಬೇಕು, ಯಾರು ಬರೆದರೆಂದು ತಿಳಿಯದೆ ಬೆಲೆ ಕಟ್ಟಬೇಕು ಎಂದು ಊರಿಗೆಲ್ಲ ಪಾಠ ಹೇಳುವ ಮನುಷ್ಯ, ತನ್ನ ಮನಸ್ಸು ಅದನ್ನೇ ಮಾಡಿ ಕೂತಿದೆಯೆಂದು ತಿಳಿಯದೆ ಊರು ಬಿಡಲು ಹೊರಟಿದ್ದ!

 ಅಕ್ಕನ ತಂಗಿಯೆಂದಲ್ಲದೆ, ಮುಖ ನೋಡಿಯೂ ಅಲ್ಲದೆ, ತಾನು ಆಡಿದ ಮಾತಿಗೇ ಮನಸೋತವನು ಒಬ್ಬನಿದ್ದಾನೆ ಎಂಬುದು ನಿಧಾನವಾಗಿ ಅವಳೊಳಗೆ ಇಳಿಯುತ್ತಿತ್ತು. ಆತನ ಪಕ್ಕದಲ್ಲಿ ಕೂತಳು. ಆತ ಅವಳ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

ಆಗ ಅವಳ ಫೋನು ಹೊಡೆದುಕೊಂಡಿತು. ಅಮ್ಮ! ಮನೆಯಲ್ಲಿ ಕಾದು ಕಾದು ಸಾಕಾಗಿತ್ತು ಅವರಿಗೆ.

“ಅಮ್ಮಾ,” ಎಂದಳು ಅವಳು, ಗಂಟಲು ತೆರೆದು.

ಆ ಕಡೆ ಒಂದು ಕ್ಷಣವೂ ಮೌನವಿರಲಿಲ್ಲ. “ಹೇಳು ಪುಟ್ಟಿ. ಮೇಷ್ಟ್ರು ಹೊರಟ್ರಾ, ಉಳಿದ್ರಾ?”

ಅವಳು ಆತನ ಕಡೆ ನೋಡಿದಳು. “ಉಳಿದ್ರು ಅನ್ಸುತ್ತೆ.”

“ಹಾಗಾದ್ರೆ ಮಧ್ಯಾಹ್ನ ಊಟಕ್ಕೆ ಕರ್ಕೊಂಡು ಬಾ. ದೊಡ್ಡೋಳ ನಿಜವಾದ ರೆಕಾರ್ಡಿಂಗ್ ಇದ್ರೆ ಅದನ್ನೂ ತರೋಕೆ ಹೇಳು. ಅವಳು ಬೈಯೋದನ್ನ ಕೇಳಿ ಎಷ್ಟು ದಿನ ಆಯ್ತೋ. ಮೂರೂ ಜನ ಕೂತು ಕೇಳೋಣ.” ಅಮ್ಮ ಸ್ವಲ್ಪ ತಡೆದರು. “ಕೇಳ್ತೀಯಲ್ವಾ?”

“ಕೇಳ್ತೀನಮ್ಮ.”

“ಹಾಂ. ಆಮೇಲೆ, ನನ್ನ ಮಕ್ಕಳ ದನಿ ಯಾವುದು ಯಾರದ್ದು ಅಂತ ಆ ಮೇಷ್ಟ್ರಿಗೆ ನಾನೂ ಒಂದು ತರಬೇತಿ ಕೊಡ್ಬೇಕು.”

ಅವಳು ನಕ್ಕಳು. ಖಾಲಿ ಕೋಣೆಯ ತುಂಬ ಕೇಳುವ ಹಾಗೆ ನಕ್ಕಳು. ಆತ ಈ ಸಲ ಕಣ್ಣು ತೆರೆದುಕೊಂಡೇ ಇದ್ದ.

“ಏನಂದ್ರು ಅಮ್ಮ?”

“ನಿಮಗೆ ತರಬೇತಿ ಇದೆಯಂತೆ. ಇವತ್ತಿಂದ.”

“ಎಷ್ಟು ದಿನದ್ದು?”

“ನಮ್ಮಮ್ಮನ್ನ ನೋಡಿದೀರಲ್ಲ. ಬೇಗ ಪಾಸ್ ಮಾಡೋ ಪೈಕಿ ಅಲ್ಲ ಅವರು.”

“ಒಳ್ಳೇದೇ ಆಯ್ತು,” ಎಂದು ಆತ ಎದ್ದು, ಬಾಗಿಲ ಬಳಿಯ ಚೀಲವನ್ನು ಒಳಗೆ ತಂದಿಟ್ಟ. “ನಡೀರಿ, ತಡ ಆದ್ರೆ ಅರ್ಧ ಅಂಕ ಕಿತ್ಕೊಂಡಾರು.”